ಮಾದರಿ ರೈಲು ಯಾರ್ಡಿಗೆ ಕವಲುಹಳಿಗಳನ್ನು ಆರಿಸುವ ಕ್ರಮ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ರೈಲುಹಳಿಯಿಲ್ಲವೆಂಬುದನ್ನು ವಾಚಕರು ಬಲ್ಲರಷ್ಟೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಚಾಮರಾಜನಗರಕ್ಕೆ ಹೋಗತಕ್ಕ ಮಾರ್ಗವೊಂದರ ಯೋಜನೆಯು ದಶಕಗಳಿಂದ ಕಾಗದದ ಮೇಲೆಯೇ ಉಳಿದಿದೆ. ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ಹಳಿಯು ೧೯೨೬ರಲ್ಲಿ ಚಾಮರಾಜನಗರದವರೆಗೆ ಬೆಳೆದು ಅಲ್ಲಿಯೇ ನಿಂತಿತು. ಆದಕಾರಣ ನಮ್ಮ ಸೀಮೆಯ ಬಾಲಿಕೆಯರಿಗೆ ರೈಲಿನ ಒಳಮರ್ಮವನ್ನು ಕಣ್ಣಾರೆ ತೋರಿಸಬೇಕಾದರೆ ಶಾಲೆಯ ಮೇಜಿನ ಮೇಲೆ ಹೂಡಿದ ಮಾದರಿಯೇ ಗತಿ. ಇದನ್ನು ಗಂಡುಮಕ್ಕಳ ಆಟಿಕೆಯೆಂದು ತಿಳಿಯುವವರುಂಟು. ರೇಖಾಗಣಿತ, ವಿದ್ಯುಚ್ಛಕ್ತಿ, ಮಿತವ್ಯಯ ಈ ಮೂರು ಪಾಠಗಳೂ ಇದರಲ್ಲಿ ಅಡಗಿವೆಯೆಂದು ನಾವು ತೋರಿಸಬಲ್ಲೆವು.

ಒಂದು ಹಳಿಯಿಂದ ಮತ್ತೊಂದಕ್ಕೆ ಗಾಡಿಯನ್ನು ತಿರುಗಿಸುವ ಸಾಧನವೇ ಕವಲುಹಳಿ. ರೈಲ್ವೆಯವರು ಇದನ್ನು ಪಾಯಿಂಟ್ಸ್ ಎನ್ನುವರು. ಅತ್ತಿತ್ತ ಸರಿಯುವ ಎರಡು ಚೂಪಾದ ಅಲುಗುಗಳು ಇದರ ಒಂದು ಅಂಗ. ಹಳಿಯನ್ನು ಹಳಿ ದಾಟುವ ಕ್ರಾಸಿಂಗು ಇನ್ನೊಂದು ಅಂಗ. ಚಾಮರಾಜನಗರದಂಥ ಕಡೆಯ ನಿಲ್ದಾಣದಲ್ಲಿ ಇದರ ಉಪಯೋಗವು ಸ್ಪಷ್ಟವಾಗುವುದು. ಗಾಡಿಯನ್ನು ಎಳೆದು ತಂದ ಇಂಜಿನು ಕಳಚಿಕೊಂಡು, ಒಂದು ಕವಲಿನಿಂದ ಪಕ್ಕದ ಹಳಿಗೆ ಹೋಗಿ, ಮತ್ತೊಂದು ಕವಲಿನಿಂದ ಹಿಂದಿರುಗಿ, ಗಾಡಿಯ ಇನ್ನೊಂದು ತುದಿಯನ್ನು ಸೇರಿದರೆ ತಾನೆ ಮರುಪ್ರಯಾಣ?

ಕವಲನ್ನು ಕೊಳ್ಳುವಾಗ ಮೊದಲು ನೋಡತಕ್ಕದ್ದು ಅದರ ಸಂಖ್ಯೆ. ಆರು ಅಂಗುಲ ಮುಂದೆ ಸಾಗಿದಾಗ ಒಂದು ಅಂಗುಲ ಅಗಲುವ ಕವಲು ಆರನೆಯ ಸಂಖ್ಯೆಯದು. ಸಂಖ್ಯೆ ಹೆಚ್ಚಿದಷ್ಟೂ ತಿರುವು ಮೃದು, ಆದರೆ ಹಿಡಿಯುವ ಸ್ಥಳವೂ ಅಧಿಕ. ಭಾರತೀಯ ರೈಲ್ವೆಯಲ್ಲಿ ಪ್ರಯಾಣಿಕರ ಗಾಡಿಗಳಿಗೆ ಸಾಮಾನ್ಯವಾಗಿ ೧೨ರ ಕವಲನ್ನೂ, ಸರಕಿನ ಯಾರ್ಡುಗಳಲ್ಲಿ ೮½ರ ಕವಲನ್ನೂ ಇಡುವುದುಂಟು.

ಲೆಕ್ಕವನ್ನು ನೋಡಿರಿ. ನಿಜವಾದ ಗಾಡಿಯ ೮೭ರಲ್ಲಿ ಒಂದು ಪಾಲಿನ ಅಳತೆಯುಳ್ಳ, ೧೬.೫ ಮಿಲಿಮೀಟರ್ ಹಳಿಯ ಮೇಲೆ ಓಡುವ ಎಚ್‌ಓ ಎಂಬ ಮಾದರಿಯನ್ನು ತೆಗೆದುಕೊಳ್ಳೋಣ. ಮೇಜಿನ ಉದ್ದ ೬ ಅಡಿ, ಎಂದರೆ ಸುಮಾರು ೧೮೦ ಸೆಂಟಿಮೀಟರ್. ಅದರ ಮೇಲೆ ೫ ಸೆಂಟಿಮೀಟರ್ ಅಂತರದಲ್ಲಿ ನಾಲ್ಕು ಹಳಿಗಳು ಬೇಕು. ಆಗ ಏಣಿಯ ಮೆಟ್ಟಿಲಿನಂತೆ ಮೂರು ಸಲ ಅಗಲಬೇಕಾಗುವುದು. ಸಂಖ್ಯೆ ೪ರ ಕವಲಿಗೆ ಪ್ರತಿ ಮೆಟ್ಟಿಲಿಗೂ ೨೦ ಸೆಂಟಿಮೀಟರ್, ಒಟ್ಟು ೬೦. ಕಡೆಯ ಹಳಿಗೆ ಉಳಿಯುವುದು ೧೨೦. ಸಂಖ್ಯೆ ೬ಕ್ಕೆ ೯೦ ಹೋಗಿ ೯೦ ಉಳಿಯುವುದು. ಸಂಖ್ಯೆ ೮ಕ್ಕೆ ೧೨೦ ಹೋಗಿ ೬೦ ಮಾತ್ರ. ಕವಲಿನ ಸ್ವಂತ ಒಡಲನ್ನು ಕಳೆದರೆ ಇನ್ನೂ ಕಡಿಮೆ. ೧೫ ಮೀಟರಿನ ಸರಕುಬಂಡಿಯು ಈ ಅಳತೆಯಲ್ಲಿ ೧೭ ಸೆಂಟಿಮೀಟರ್ ಆಗುವುದರಿಂದ, ಎಂಟರ ಕವಲನ್ನು ಕೊಂಡವರ ಕಡೆಯ ಹಳಿಯಲ್ಲಿ ಮೂರು ಬಂಡಿಗಳು ನಿಂತರೆ ಹೆಚ್ಚು.

ಹಾಗಾದರೆ ಎಲ್ಲಕ್ಕೂ ನಾಲ್ಕನ್ನೇ ಹಾಕಬಾರದೇಕೆ? ೨೨ ಮೀಟರಿನ ಪ್ರಯಾಣಿಕರ ಬೋಗಿಯು ಮಾದರಿಯಲ್ಲಿ ೨೫ ಸೆಂಟಿಮೀಟರ್ ಆಗುವುದು. ಅದು ಕಡಿದಾದ ತಿರುವಿನಲ್ಲಿ ಮೂಲೆಯನ್ನು ಹೊರಕ್ಕೆ ಚಾಚುತ್ತದೆ. ಎಡಕ್ಕೆ ತಿರುಗಿದೊಡನೆಯೇ ಬಲಕ್ಕೆ ತಿರುಗಬೇಕಾದಾಗ ಕೊಂಡಿಗಳು ಒಂದನ್ನೊಂದು ಪಕ್ಕಕ್ಕೆ ಜಗ್ಗಿ ಗಾಲಿಗಳನ್ನು ಹಳಿಯಿಂದ ಎಬ್ಬಿಸುತ್ತವೆ. ಆದುದರಿಂದ ಬೋಗಿಗಳು ಹಾಯುವಲ್ಲಿ ಆರು, ಗಿಡ್ಡ ಸರಕುಬಂಡಿಗಳು ನಿಲ್ಲುವಲ್ಲಿ ನಾಲ್ಕು ಎಂದು ಹಂಚುವುದು ವಿವೇಕ.

ಎರಡನೆಯದು ಕ್ರಾಸಿಂಗಿನ ಬಗೆ. ಎರಡು ಹಳಿಗಳಲ್ಲಿ ಧನ, ಋಣ ವಿದ್ಯುತ್ತುಗಳು ಹರಿಯುತ್ತಿರುವಾಗ ಅವು ಕೂಡುವ ಜಾಗವೇ ಕ್ರಾಸಿಂಗು. ಕೆಲವರು ಅಲ್ಲಿ ಪ್ಲಾಸ್ಟಿಕ್ಕನ್ನಿಟ್ಟು ಮಾಡುವರು. ತಂತಿಯ ತೊಡಕಿಲ್ಲ, ಆದರೆ ಗಿಡ್ಡ ಇಂಜಿನು ನಿಧಾನವಾಗಿ ಬರುವಾಗ ಅಲ್ಲಿ ವಿದ್ಯುತ್ತು ಸಿಗದೆ ನಿಂತುಬಿಡುವುದು. ಯಾರ್ಡಿನ ಕೆಲಸವೆಲ್ಲ ನಿಧಾನದ್ದೇ ಅಲ್ಲವೆ? ಲೋಹದ ಕ್ರಾಸಿಂಗಿನಲ್ಲಿ ಆ ಬಾಧೆಯಿಲ್ಲ; ಕವಲು ತಿರುಗಿದಂತೆ ಧನ ಋಣಗಳನ್ನು ಬದಲಿಸುವ ಸ್ವಿಚ್ಚು ಮಾತ್ರ ಬೇಕು. ಆ ತಂತಿಯನ್ನು ಜೋಡಿಸುವುದೇ ವಿದ್ಯಾರ್ಥಿನಿಯರಿಗೆ ಒಳ್ಳೆಯ ಅಭ್ಯಾಸವಾದುದರಿಂದ ನಾವು ಇದನ್ನೇ ಮೆಚ್ಚುವೆವು. ಕೈಗೆ ಎಟಕುವ ಕವಲುಗಳನ್ನು ಕೈಯಿಂದಲೇ ತಿರುಗಿಸಲಿ. ಮೋಟಾರಿನ ಹಣವನ್ನು ಎಟಕದವುಗಳಿಗೆ ಉಳಿಸಬಹುದು.

ಕಡೆಯದಾಗಿ, ಅಲುಗು ಹಳಿಗೆ ಬಿಗಿಯಾಗಿ ಅಂಟಿ ನಿಲ್ಲುವುದೋ ಎಂಬುದನ್ನು ಬೆರಳಿನಿಂದ ಸವರಿ ಪರೀಕ್ಷಿಸಬೇಕು. ಇದು ಅಲ್ಪ ವಿಷಯವಲ್ಲ. ೨೦೨೩ನೆಯ ಜೂನ್ ೨ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಮುಖ್ಯ ಹಳಿಗೆ ಹಸಿರು ದೀಪ ತೋರುತ್ತಿದ್ದರೂ ಕವಲು ಪಕ್ಕದ ಹಳಿಗೆ ತಿರುಗಿದ್ದಿತು. ವೇಗದ ಗಾಡಿಯೊಂದು ನಿಂತಿದ್ದ ಸರಕುಗಾಡಿಗೆ ಅಪ್ಪಳಿಸಿ, ೨೯೦ಕ್ಕೂ ಹೆಚ್ಚು ಜನರು ಮೃತರಾದರು. ದೀಪವು ಹೇಳಿದ್ದೂ ಹಳಿಯು ಮಾಡಿದ್ದೂ ಒಂದೇ ಆಗಿರಬೇಕೆಂಬ ಪಾಠವನ್ನು ಮೇಜಿನ ಮೇಲೆ ಕಲಿತರೆ ಯಾರಿಗೂ ನೋವಿಲ್ಲ.

ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋಗುವ ಬಾಲಿಕೆಯರು ಇಂಜಿನುಗಳ ಅಂದವನ್ನು ನೋಡಿ ಮುಗಿಸಿದ ಮೇಲೆ ಒಂದು ಗಳಿಗೆ ಬಾಗಿ, ಅವುಗಳ ಕೆಳಗಿನ ಹಳಿಯನ್ನೂ ನೋಡಲಿ. ನಮ್ಮ ಊರಿಗೆ ಹಳಿ ಬಂದ ದಿನ ಅದನ್ನು ಹಾಕಲು ಬಲ್ಲ ಇಂಜಿನಿಯರರಲ್ಲಿ ಅವರೂ ಇರಬಾರದೆಂದೇನೂ ಇಲ್ಲ.