ಸಂಘದ ನಂಬರುಗಳಿಗೆ ಒಂದೇ ಪುಸ್ತಕ

ಬೆಳಿಗ್ಗೆ ಹಾಲು ಕರೆಯುವಾಗಲೇ ಹಸು ಬೆದೆಗೆ ಬಂದದ್ದು ಗೊತ್ತಾಗುತ್ತದೆ. ಲೋಳೆ ಕಂಡಿದೆ, ಒಂದೇ ಸಮನೆ ಕೂಗುತ್ತಿದೆ. ಸಂಜೆಯ ಹೊತ್ತಿಗೆ ಕೃತಕ ಗರ್ಭಧಾರಣೆ ಮಾಡುವವರು ಬರಬೇಕು. ಅವರ ನಂಬರು ಮಗನ ಫೋನಿನಲ್ಲಿದೆ, ಮಗ ಕೆಲಸಕ್ಕೆ ಹೋಗಿದ್ದಾನೆ. ಇಲ್ಲವೇ ನಂಬರಿದ್ದ ಹಳೆಯ ಫೋನು ನೀರಿಗೆ ಬಿದ್ದು ಕೆಟ್ಟಿದೆ. ಆ ದಿನ ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನವೂ ಹಸುವಿಗೆ ಮೇವು ಹಾಕಲೇಬೇಕು. ಹತ್ತು ಅಂಕಿಯ ಒಂದು ನಂಬರಿನ ಬೆಲೆ ಇದು.

ಕೊಡಿಗೇಹಳ್ಳಿಯಂಥ ಊರಿನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಸಹಕಾರನಗರದ ಪಕ್ಕದಲ್ಲಿರುವ ಈ ಊರನ್ನು ನಗರ ಸುತ್ತಲೂ ಆವರಿಸಿದೆ. ಹಳ್ಳಿಯಲ್ಲಿ ಹಿತ್ತಲಿನಿಂದ ಕೂಗಿದರೆ ದನಕರು ಬಲ್ಲವರು ಯಾರಾದರೂ ಬರುತ್ತಾರೆ. ಅಪಾರ್ಟ್‌ಮೆಂಟಿನ ನೆರೆಯವರಿಗೆ ಹೊಟ್ಟೆಯುಬ್ಬರವೂ ತಿಳಿಯದು, ಕೆಚ್ಚಲು ಬಾವೂ ತಿಳಿಯದು. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಹೆಬ್ಬಾಳದಲ್ಲೇ ಇದೆ ನಿಜ. ಆದರೆ ನಡುರಾತ್ರಿ ಯಾರಿಗೆ ಫೋನು ಮಾಡಬೇಕೆಂದು ತಿಳಿಯದಿದ್ದರೆ ಹತ್ತಿರವಿದ್ದೂ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ಆನ್‌ಲೈನ್ ವಿಳಾಸ ಪುಸ್ತಕ. ನಂಬರು ಫೋನಿನಲ್ಲೋ ಸಿಮ್ಮಿನಲ್ಲೋ ಮಾತ್ರ ಇದ್ದರೆ ಫೋನಿನ ಜೊತೆಗೇ ಹೋಗುತ್ತದೆ. ಖಾತೆಯಲ್ಲಿ ಇದ್ದರೆ ಹೊಸ ಫೋನಿನಲ್ಲಿ ಅದೇ ಖಾತೆ ತೆರೆದ ಕೂಡಲೇ ಎಲ್ಲವೂ ಮರಳುತ್ತದೆ. ಲಸಿಕೆ ದಿನ, ಪಶು ಆಹಾರ ಬಂದ ಸುದ್ದಿ, ಬಟವಾಡೆಯ ದಿನ ಇವನ್ನು ಎಲ್ಲ ಸದಸ್ಯರಿಗೂ ಒಂದೇ ಸಲ ಫೋನಿನಲ್ಲಿ ತಿಳಿಸುವ ಆನ್‌ಲೈನ್ ವ್ಯವಸ್ಥೆಗಳಿಗೂ ಇಂಥ ಪುಸ್ತಕವೇ ಆಧಾರ. ನೂರು ಹೆಸರನ್ನು ಒಂದೊಂದಾಗಿ ಒತ್ತಬೇಕಾಗಿಲ್ಲ. ಪಟ್ಟಿ ಮಾಡಿ ಒಟ್ಟಿಗೆ ಏರಿಸಬಹುದು.

ಮೊದಲು ಪಟ್ಟಿ ಸರಿ ಮಾಡಿ

ಸಂಘದ ರಿಜಿಸ್ಟರಿನಲ್ಲಿ ಇರುವುದನ್ನು ಹಾಗೇ ನಕಲು ಮಾಡಬೇಡಿ. ಹಲವು ಕಡೆ ಸದಸ್ಯೆಯ ಹೆಸರಿನ ಮುಂದೆ ಗಂಡನ ಅಥವಾ ಮಗನ ನಂಬರು ಇರುತ್ತದೆ. ಹಸು ನೋಡಿಕೊಳ್ಳುವವರು ನೀವು, ಹಾಲು ಹಾಕುವವರು ನೀವು, ಸುದ್ದಿ ಮಾತ್ರ ಬೇರೆಯವರ ಜೇಬಿಗೆ. ಲಸಿಕೆ ಹಾಕುವವರು ಬಂದು ಹೋದ ಮೇಲೆ ನಿಮಗೆ ಗೊತ್ತಾದರೆ ಏನು ಫಲ? ನಿಮ್ಮ ಕೈಯಲ್ಲಿರುವ ಫೋನಿನ ನಂಬರೇ ಪಟ್ಟಿಗೆ ಸೇರಲಿ. ಮನೆಯವರದನ್ನು ಎರಡನೇ ನಂಬರಾಗಿ ಬರೆಸಿ. ಬ್ಯಾಂಕಿನಲ್ಲಿ ಯಾವ ನಂಬರು ಇದೆ ಎಂಬುದನ್ನೂ ಜೊತೆಗೇ ವಿಚಾರಿಸಿಕೊಳ್ಳಿ. ಹಣ ಬಂದ ಸಂದೇಶವೂ ಒಟಿಪಿಯೂ ಹೋಗುವುದು ಆ ನಂಬರಿಗೇ.

ಸಂಘದಲ್ಲಿ ಮೂವರು ಲಕ್ಷ್ಮಮ್ಮ ಇದ್ದರೆ ಹೆಸರೊಂದೇ ಸಾಲದು. ಹೆಸರಿನ ಜೊತೆ ಸದಸ್ಯತ್ವದ ಸಂಖ್ಯೆ ಬರೆಯಿರಿ. ಊರಿಗೂ ಇದೇ ಮಾತು. ಕೊಡಿಗೇಹಳ್ಳಿ ಎಂಬ ಊರು ಕೆ.ಆರ್. ಪುರದ ಬಳಿಯೂ ಇದೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೂ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿದಾಗಲೂ ‘ಸಹಕಾರನಗರದ ಪಕ್ಕದ ಕೊಡಿಗೇಹಳ್ಳಿ’ ಎಂದು ಬಿಡಿಸಿ ಹೇಳಿ.

ಏರಿಸುವ ಬಗೆ

ಈ ಕೆಲಸಕ್ಕೆ ಕಂಪ್ಯೂಟರ್ ಬಲ್ಲ ಮಗಳೋ ಸೊಸೆಯೋ ಜೊತೆಗಿದ್ದರೆ ಸಾಕು.

1. ಗೂಗಲ್ ಕಾಂಟ್ಯಾಕ್ಟ್ಸ್ ಅಥವಾ ನಿಮ್ಮ ಸಂಘ ಬಳಸುವ ವ್ಯವಸ್ಥೆಯಲ್ಲಿ ಮೊದಲು ಒಂದೇ ಹೆಸರನ್ನು ಕೈಯಿಂದ ಸೇರಿಸಿ. ಅದನ್ನು ‘ಎಕ್ಸ್‌ಪೋರ್ಟ್’ ಮಾಡಿದರೆ ಒಂದು ಹಾಳೆ ಸಿಗುತ್ತದೆ. ಅದರ ತಲೆಸಾಲು ಬದಲಿಸದೆ, ಕೆಳಗೆ ಉಳಿದ ಹೆಸರುಗಳನ್ನು ತುಂಬಿ.

2. ಎಕ್ಸೆಲ್‌ನಲ್ಲಿ ನಂಬರಿನ ಕಂಬಸಾಲನ್ನು ಮೊದಲೇ ‘ಟೆಕ್ಸ್ಟ್’ ಎಂದು ಮಾಡಿಕೊಳ್ಳಿ. ಇಲ್ಲದಿದ್ದರೆ ಅದು ಫೋನ್ ನಂಬರನ್ನು ಲೆಕ್ಕವೆಂದು ತಿಳಿಯುತ್ತದೆ. ಮುಂದಿನ ಸೊನ್ನೆ ಹಾರಿಹೋಗುತ್ತದೆ. 91 ಸೇರಿಸಿ 12 ಅಂಕಿ ಬರೆದರೆ ಚುಟುಕು ಮಾಡಿ ತೋರಿಸುತ್ತದೆ, ಹಾಗೇ ಉಳಿಸಿದರೆ ಕೊನೆಯ ಅಂಕಿಗಳು ಕಳೆದುಹೋಗುತ್ತವೆ.

3. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸಿ. ಬೇರೆ ಬಗೆಯ ಸಿಎಸ್‌ವಿ ಆರಿಸಿದರೆ ಕನ್ನಡದ ಹೆಸರುಗಳು ಪ್ರಶ್ನೆ ಚಿಹ್ನೆಗಳಾಗಬಹುದು.

4. ಮೊದಲು ಮೂರೇ ಹೆಸರಿನ ಹಾಳೆಯನ್ನು ‘ಇಂಪೋರ್ಟ್’ ಮಾಡಿ. ಆ ಮೂವರಿಗೂ ಕರೆ ಹೋಗುತ್ತದೆಯೇ ನೋಡಿ. ಸರಿಯಿದ್ದರೆ ಉಳಿದದ್ದನ್ನು ಏರಿಸಿ.

5. ಒಬ್ಬರೇ ಎರಡು ಸಲ ಸೇರಿದ್ದರೆ ‘ಮರ್ಜ್’ ಒತ್ತಿ ಒಂದಾಗಿಸಿ. ಏನಾದರೂ ಎಡವಟ್ಟಾದರೆ ಹೆದರಬೇಡಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ 30 ದಿನದೊಳಗೆ ಹಿಂದಿನ ಸ್ಥಿತಿಗೆ ಮರಳಬಹುದು.

ಹಸುವಿನ ಕಿವಿಯೋಲೆಯ ಸಂಖ್ಯೆಯೂ 12 ಅಂಕಿಯದು. ಟಿಪ್ಪಣಿಯ ಜಾಗದಲ್ಲಿ ಅದನ್ನು ಬರೆದಿಟ್ಟರೆ ವಿಮೆಯ ಕೆಲಸಕ್ಕೆ ಅನುಕೂಲ. ಫೋನ್ ನಂಬರಿನ ಸಾಲಿಗೆ ಮಾತ್ರ ಸೇರಿಸಬೇಡಿ.

ಜೋಪಾನ

ಈ ಪಟ್ಟಿ ಹೆಣ್ಣುಮಕ್ಕಳ ನಂಬರುಗಳ ಪಟ್ಟಿ ಎಂಬುದು ನೆನಪಿರಲಿ. ಒಪ್ಪಿಗೆ ಕೇಳದೆ ಯಾರ ನಂಬರನ್ನೂ ಸೇರಿಸಬೇಡಿ. ವೈಯಕ್ತಿಕ ಮಾಹಿತಿಯನ್ನು ಕಾಪಾಡಲೆಂದೇ ದೇಶದಲ್ಲಿ 2023ರಲ್ಲಿ ಕಾಯ್ದೆಯಾಗಿದೆ. ಹಾಳೆಯನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಸೈಬರ್ ಸೆಂಟರಿನಲ್ಲಿ ಮಾಡಿಸಿದರೆ ಎದ್ದು ಬರುವ ಮುಂಚೆ ಖಾತೆಯಿಂದ ಹೊರಬಂದು, ಅಲ್ಲಿ ಉಳಿದ ಕಡತವನ್ನು ಅಳಿಸಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಿನ್ ಇವು ವಿಳಾಸ ಪುಸ್ತಕದಲ್ಲಿ ಇರಲೇಬಾರದು. ‘ಡೇರಿಯಿಂದ ಮಾತಾಡುತ್ತಿದ್ದೇವೆ, ಒಟಿಪಿ ಹೇಳಿ’ ಎಂದು ಯಾರಾದರೂ ಕೇಳಿದರೆ ಫೋನು ಇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಬಟವಾಡೆಯ ದಿನ ಸಂಘಕ್ಕೆ ಬರುವಾಗ ನಿಮ್ಮ ಫೋನು ತನ್ನಿ. ನಿಮ್ಮ ಹೆಸರಿನ ಮುಂದಿರುವ ನಂಬರಿಗೆ ಅಲ್ಲೇ ಒಂದು ಕರೆ ಮಾಡಿಸಿ. ಗಂಟೆ ನಿಮ್ಮ ಕೈಯಲ್ಲಿ ಬಾರಿಸಿದರೆ ಸರಿ. ಬೇರೆಲ್ಲೋ ಬಾರಿಸಿದರೆ ಅಂದೇ ತಿದ್ದಿಸಿ.