ಮಾವು ಮಾರಲು ಪುಟ ಬರೆಯುವ ಕ್ರಮ

ರೈತ ಬಾಂಧವರೇ,

ಶ್ರೀನಿವಾಸಪುರದ ಮಂಡಿಗೆ ಕಾಯಿ ಒಮ್ಮೆಲೇ ಬಂದು ಬಿದ್ದರೆ ಬೆಲೆಯೂ ಬೀಳುವುದು ನಿಮಗೆ ಹೊಸತಲ್ಲ. 2020ರ ಲಾಕ್‌ಡೌನಿನಲ್ಲಿ ರಾಜ್ಯದ ಮಾವು ಅಭಿವೃದ್ಧಿ ನಿಗಮದ ಜಾಲತಾಣದ ಮೂಲಕ, ಅಂಚೆಯವರ ಕೈಯಿಂದ, ಬೆಂಗಳೂರಿನ ಮನೆಗಳಿಗೆ ಹಣ್ಣು ತಲುಪಿತು. ನೀವೂ ಸ್ವಂತ ಪುಟ ತೆರೆಯಬಹುದು. ಆದರೆ ಅದು ಗಿರಾಕಿಯ ಕಣ್ಣಿಗೆ ಬೀಳಬೇಕಷ್ಟೆ.

ಗೂಗಲ್‌ನಂತಹ ಹುಡುಕುಯಂತ್ರವು ಪುಟಗಳನ್ನು ಮೊದಲೇ ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ ಪಟ್ಟಿ ಮಾಡಿಡುತ್ತದೆ. ಗಿರಾಕಿ ಕೇಳುವ ಮಾತು ನಿಮ್ಮ ಪುಟದಲ್ಲಿದ್ದರೆ ತಾನೇ ಅದು ತೋರಿಸೀತು? ಆದಕಾರಣ:

1. "ನಮ್ಮ ತೋಟಕ್ಕೆ ಸ್ವಾಗತ" ಎಂಬ ತಲೆಬರಹ ಬೇಡ. "ಶ್ರೀನಿವಾಸಪುರದ ಬಾದಾಮಿ ಮಾವು, 3 ಕಿಲೋ ಪೆಟ್ಟಿಗೆ" ಎಂದು ಬರೆಯಿರಿ. ಮಾಲೂರು, ಮುಳಬಾಗಿಲು, ಕೋಲಾರದವರು ತಮ್ಮ ಊರು ಹಾಕಲಿ. ಪಟ್ಟಣದವರು ಬಾದಾಮಿಯನ್ನು ಆಲ್ಫಾನ್ಸೊ ಎನ್ನುವರು. ಆ ಹೆಸರೂ ಇರಲಿ.

2. ಬಾದಾಮಿ, ರಸಪುರಿ, ಮಲ್ಲಿಕಾ, ಒಂದೊಂದಕ್ಕೂ ಬೇರೆ ಪುಟವಿರಲಿ.

3. ಬೆಲೆ, ಕೊಯ್ಯುವ ದಿನ, ತಲುಪುವ ದಿನ ಮೇಲೆಯೇ ಇರಲಿ. ಚಿತ್ರದೊಳಗೆ ಮಾತ್ರ ಬರೆದದ್ದು ಯಂತ್ರಕ್ಕೆ ತಿಳಿಯದೆ ಹೋಗಬಹುದು.

4. ಹೇಗೆ ಮಾಗಿಸಿದಿರೆಂದು ತಿಳಿಸಿರಿ. ಕ್ಯಾಲ್ಸಿಯಂ ಕಾರ್ಬೈಡ್ ಕಾನೂನಿನಂತೆ ನಿಷಿದ್ಧ. ಹುಲ್ಲಿನಲ್ಲಿ ಮಾಗಿಸಿದ್ದು ನಿಜವಾದರೆ ಆ ಒಂದು ಮಾತೇ ಗಿರಾಕಿಯ ಭಯ ಕಳೆಯುತ್ತದೆ.

ಒಂದೇ ಪದವನ್ನು ಹತ್ತಾರು ಸಲ ತುರುಕಬೇಡಿ. ಗೂಗಲ್ ಅದನ್ನು ಮೋಸವೆಂದೇ ಎಣಿಸುತ್ತದೆ. ಇಲ್ಲದ ಗುಣ ಹೊಗಳಿದರೆ ಗಿರಾಕಿ ಮರುವರ್ಷ ಬಾರನು.

ಪುಟವು ಪಟ್ಟಿಗೆ ಸೇರಲು ವಾರಗಳೂ ಹಿಡಿದಾವು. ಮರ ಹೂ ಬಿಟ್ಟಾಗಲೇ ಪುಟವನ್ನೂ ಸಿದ್ಧಪಡಿಸಿರಿ.

ನಿಮ್ಮ ಗ್ರಾಮಸೇವಕ