ಕಣ್ಣಿಗೆ ಶತ್ರು ಯಾವುದು: ಮೊಬೈಲೋ, ಸಕ್ಕರೆಯೋ?

ಹೋಟೆಲಿನ ಗಲ್ಲಾದ ಮೇಲೆ ಗಣಕಯಂತ್ರ ಬಂದು ಕುಳಿತು ವರ್ಷಗಳೇ ಸಂದವು. ಹಣ ಸಂದಾಯಕ್ಕೂ ಮೊಬೈಲು, ಮಾಲು ತರಿಸಲೂ ಮೊಬೈಲು. ರಾತ್ರಿ ಕದ ಹಾಕಿದ ಮೇಲೆ ಊರಿನವರ ಮುಖ ಕಾಣುವುದೂ ಅದರಲ್ಲಿಯೇ. ಕಚೇರಿಯ ಗುಮಾಸ್ತ ಬಂಧುಗಳ ಪಾಡೂ ಭಿನ್ನವಲ್ಲ. ಸಂಜೆಯ ಹೊತ್ತಿಗೆ ಕಣ್ಣುರಿ, ತಲೆನೋವು. ಈ ಪರದೆ ದೃಷ್ಟಿಯನ್ನೇ ತಿಂದುಹಾಕೀತೇ ಎಂದು ಅನೇಕರು ನಮ್ಮನ್ನು ಕೇಳುವುದುಂಟು.

ಅಷ್ಟೊಂದು ಭಯ ಬೇಡ. ಮನುಷ್ಯನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಎವೆಯಿಕ್ಕುತ್ತಾನೆ. ಪರದೆಯಲ್ಲಿ ದೃಷ್ಟಿ ನೆಟ್ಟಾಗ ಇದು ಬಹಳ ಮಟ್ಟಿಗೆ ಇಳಿಯುತ್ತದೆ. ಎವೆಯಿಕ್ಕಿದಾಗಲೇ ಕಣ್ಣೀರಿನ ತೆಳುಪದರ ಕಣ್ಣ ಮೇಲೆ ಹರಡುವುದಾದ್ದರಿಂದ ಕಣ್ಣು ಒಣಗಿ ಉರಿಯುತ್ತದೆ. ಒಲೆಯ ಝಳವೂ ಕಚೇರಿಯ ತಂಪುಯಂತ್ರದ ಗಾಳಿಯೂ ಇದಕ್ಕೆ ಜೊತೆಗೂಡುತ್ತವೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿರೆಂಬುದು ನೇತ್ರವೈದ್ಯರ ಸಲಹೆ. ಗಲ್ಲಾದಲ್ಲಿರುವವರಿಗೆ ಇದೇನು ಕಷ್ಟವಲ್ಲ. ಗಿರಾಕಿ ಬಂದನೇ ಎಂದು ಬೀದಿಯತ್ತ ನೋಡುವುದು ನಮ್ಮ ಕಸುಬೇ ಅಲ್ಲವೇ?

ನೀಲಿ ಬೆಳಕನ್ನು ತಡೆಯುವ ಕನ್ನಡಕವೆಂದು ಅಂಗಡಿಯವರು ಹೆಚ್ಚಿನ ಬೆಲೆ ಹೇಳುತ್ತಾರೆ. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2023ರ ಕಾಕ್ರೇನ್ ವರದಿಗೆ, ಅದರಿಂದ ಕಣ್ಣಿನ ಆಯಾಸ ತಗ್ಗುವ ಲಕ್ಷಣ ಕಾಣಲಿಲ್ಲ. ಆ ಹಣವನ್ನು ಹಾಲು ಹಣ್ಣಿಗೆ ಹಾಕುವುದು ಲೇಸು. ನಲವತ್ತು ದಾಟಿದವರು ಮೊಬೈಲನ್ನು ತೋಳಿನುದ್ದ ಹಿಡಿದು ಓದುವುದು ರೋಗವಲ್ಲ, ವಯೋಧರ್ಮ. ಓದುವ ಕನ್ನಡಕ ಸಾಕು.

ದೃಷ್ಟಿಯನ್ನು ಕದಿಯುವ ನಿಜವಾದ ಕಳ್ಳ ಬೇರೆಯೇ ಇದ್ದಾನೆ. ಅವನ ಹೆಸರು ಸಕ್ಕರೆ ಕಾಯಿಲೆ. ನೂರಾರು ಜನರಿಗೆ ಬಿಸಿಬಿಸಿಯಾಗಿ ಬಡಿಸುವ ನಮ್ಮ ಹುಡುಗರ ಊಟವಾದರೂ ಹೇಗೆ? ಹೊತ್ತು ಮೀರಿದ ಮೇಲೆ ಅನ್ನದ ರಾಶಿ, ತೆಳು ಸಾರು, ಮಿಕ್ಕ ಬಜ್ಜಿ; ನಡುನಡುವೆ ಲೆಕ್ಕವಿಲ್ಲದಷ್ಟು ಸಿಹಿ ಚಹಾ. ಇಂತಹ ಆಹಾರ ಆ ಕಾಯಿಲೆಗೆ ದಾರಿ ಮಾಡಿಕೊಡುತ್ತದೆ. ರಕ್ತದಲ್ಲಿ ವರ್ಷಾನುಗಟ್ಟಲೆ ಏರಿದ ಸಕ್ಕರೆಯು ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಮೊದಮೊದಲು ನೋವಿಲ್ಲ, ಮಂಜೂ ಇಲ್ಲ; ಮಂಜು ಕವಿಯುವಷ್ಟರಲ್ಲಿ ಬಹಳಷ್ಟು ಕೆಟ್ಟಿರುತ್ತದೆ.

ನುಗ್ಗೆಸೊಪ್ಪು, ಹರಿವೆ, ಬಸಳೆ, ಸಿಹಿಗುಂಬಳ, ಪಪ್ಪಾಯಿ ಇವುಗಳಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ತ್ವದ ಮೂಲವಿದೆ. ಒಂದಿಷ್ಟು ಎಣ್ಣೆಯ ಒಗ್ಗರಣೆಯಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಮೊಟ್ಟೆ, ಮೀನು ತಿನ್ನುವವರಿಗೆ ಅವೂ ಒಳ್ಳೆಯವು. ಗಜ್ಜರಿ ತಿಂದು ಕನ್ನಡಕ ಬಿಟ್ಟವರನ್ನು ಮಾತ್ರ ನಾವು ಕಂಡಿಲ್ಲ. ಕೆಲಸದವರ ಅಡುಗೆಗೂ ದಿನಕ್ಕೊಂದು ಸೊಪ್ಪು ಹಾಕಿಸಿದರೆ ಮಾಲಿಕರಿಗೆ ಬರುವ ಖರ್ಚು ಅಲ್ಪ.

ಸಕ್ಕರೆ ಕಾಯಿಲೆಯುಳ್ಳವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಔಷಧ ಬಿಟ್ಟು ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸಿಕೊಳ್ಳಬೇಕು. ಮುಂಬಯಿಯ ಜೆ. ಜೆ. ಆಸ್ಪತ್ರೆ, 1819ರಲ್ಲಿ ಆರಂಭವಾದ ಚೆನ್ನೈಯ ಎಗ್ಮೋರ್ ನೇತ್ರಾಸ್ಪತ್ರೆ, ಹೈದರಾಬಾದಿನ ಸರೋಜಿನೀದೇವಿ ಆಸ್ಪತ್ರೆ, ಇವೆಲ್ಲ ಸರಕಾರಿ ಆಸ್ಪತ್ರೆಗಳೇ. ಔಷಧ ಬಿಟ್ಟ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ. ಬಿಲ್ಲು ಬರೆಯಲಾಗದು, ಒಲೆಯ ಮುಂದೆ ನಿಲ್ಲಲೂ ಆಗದು. ಆ ಒಂದು ದಿನದ ಸಂಬಳವನ್ನು ಮಾಲಿಕ ಬಂಧುಗಳು ಹಿಡಿಯಬಾರದೆಂದು ನಾವು ಕೇಳಿಕೊಳ್ಳುತ್ತೇವೆ.